ಬಾಮೈದನ ಆಲ್‌ಸ್ಟಾರ್ ಮ್ಯಾಚು, ನನ್ನ ಸೀಟಿ

ಅಡುಗೆಯವನಿಗೆ ವಯಸ್ಸಾದರೂ ಮನೆಯಲ್ಲಿ ಸೌಟು ಇರುತ್ತದೆ. ಸಂಗೀತದ ಮೇಷ್ಟ್ರಿಗೆ ನಿವೃತ್ತಿಯಾದರೂ ಗಂಟಲು ಇರುತ್ತದೆ. ಸೀಟಿ ಊದಿ ಸಂಬಳ ತೆಗೆದುಕೊಂಡವನ ಪಾಡು ಹಾಗಲ್ಲ. ನಿವೃತ್ತಿಯ ಮರುದಿನ ಎದ್ದು ನೋಡಿದರೆ ಸೀಟಿ ಕೊರಳಲ್ಲೇ ಇದೆ, ಎದುರಿಗೆ ಸಾಲು ನಿಲ್ಲುವವರು ಮಾತ್ರ ಯಾರೂ ಇಲ್ಲ. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಅದಕ್ಕೂ ಮೊದಲು ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಕೂರುವುದಕ್ಕೆ ಒಂದು ಗಂಟೆ, ನಗುವುದಕ್ಕೊಂದು ಗಂಟೆ ಇರಲಿಲ್ಲ ಅಷ್ಟೆ. ಹಾಗಾಗಿ ನಮ್ಮ ಮನೆಯಲ್ಲಿ ಇವತ್ತಿಗೂ ಕಾಫಿಗೆ, ವಾಕಿಂಗಿಗೆ, ಸ್ನಾನಕ್ಕೆ, ಪೂಜೆಗೆ ಒಂದೊಂದು ಹೊತ್ತು ಗೊತ್ತಾಗಿದೆ. ತಿಂಡಿ ಎಂಟಕ್ಕೆ. ಗಡಿಯಾರ ಎಂಟು ಹೊಡೆದಾಗ ತಟ್ಟೆಯಲ್ಲಿ ಇಡ್ಲಿ ಕಾಣದಿದ್ದರೆ ನನಗೆ ಹಸಿವಿಗಿಂತ ಹೆಚ್ಚಾಗಿ ದಿಗಿಲಾಗುತ್ತದೆ. ನನ್ನ ಹೆಂಡತಿ ನಾಗರತ್ನ ನೆಂಟರ ಮುಂದೆ ಹೇಳುವುದುಂಟು: "ನಾನು ಮದುವೆ ಆಗಿದ್ದು ಇವರನ್ನಲ್ಲ ಕಣ್ರೀ, ಟೈಂಟೇಬಲ್ಲನ್ನ. ಇವರು ಅದರ ಜೊತೆ ಬಂದವರು."

ಇಷ್ಟು ಅಚ್ಚುಕಟ್ಟಾಗಿರುವ ಮನೆಯನ್ನು ವರ್ಷಕ್ಕೊಮ್ಮೆ ಒಂದು ಆಟ ಬುಡಮೇಲು ಮಾಡುತ್ತದೆ. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲಿನ ಒಂದು ದೊಡ್ಡ ಲೀಗ್ ಇದೆ. ಊರೂರಿನ ತಂಡಗಳು ತಿಂಗಳುಗಟ್ಟಲೆ ಹೊಡೆದಾಡುತ್ತವೆ. ನಡುವೆ ಒಂದು ದಿನ ಎಲ್ಲ ತಂಡಗಳಿಂದಲೂ ಅತ್ಯುತ್ತಮರನ್ನು ಆರಿಸಿ ಅವರವರಲ್ಲೇ ಒಂದು ಪಂದ್ಯ ಆಡಿಸುತ್ತಾರೆ. ಅದಕ್ಕೆ ಆಲ್‌ಸ್ಟಾರ್ ಪಂದ್ಯ ಎಂದು ಹೆಸರು. ಗೆದ್ದರೆ ಲೀಗಿನಲ್ಲಿ ಯಾರಿಗೂ ಏನೂ ಹೆಚ್ಚುವುದಿಲ್ಲ, ಸೋತರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಅಲ್ಲಿ ಅವರು ಭಾನುವಾರ ಆಡಿದ್ದು ನಮ್ಮ ಟಿವಿಗೆ ಬರುವಾಗ ಸೋಮವಾರ ಬೆಳಗಿನ ಕಾಫಿಯ ಹೊತ್ತಾಗಿರುತ್ತದೆ. ಚಳಿ ಇಳಿಯುವ ದಿನಗಳಲ್ಲಿ ಬರುವ ಆ ಒಂದು ಸೋಮವಾರ ಇನ್ನೂ ಬೆಳಕಾಗುವ ಮೊದಲೇ ನಮ್ಮ ಮನೆಯ ಫೋನು ಬಡಿದುಕೊಳ್ಳುತ್ತದೆ. "ಭಾವ, ಟಿವಿ ಹಾಕಿ! ಅಕ್ಕನ್ನ ಎಬ್ಬಿಸಿ!"

ಇವನು ಮಾದೇವ, ನನ್ನ ಬಾಮೈದ. ಟಿ. ನರಸೀಪುರದಲ್ಲಿ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವನ ಬಾಗಿಲಿಗೆ ಬರುತ್ತವೆ. ದಿನವೆಲ್ಲ ತಾಮ್ರದ ತಂತಿ ಸುತ್ತುತ್ತಾ ಕೂರುವ ಈ ಮನುಷ್ಯನ ತಲೆಯೊಳಗೆ ಮಾತ್ರ ಚಿಕ್ಕಂದಿನಿಂದ ಒಂದೇ ಸಮನೆ ಚೆಂಡು ಪುಟಿಯುತ್ತಿದೆ. ಹುಡುಗನಾಗಿದ್ದಾಗ ಹಿತ್ತಲಿನ ಹೊಂಗೆ ಮರಕ್ಕೆ ತಳ ಕಿತ್ತ ಬಿದಿರಿನ ಕುಕ್ಕೆ ಕಟ್ಟಿ, ಅದಕ್ಕೆ ಚೆಂಡು ಎಸೆಯುತ್ತಿದ್ದನಂತೆ. ಚೆಂಡು ಒಳಗೆ ಬಿದ್ದರೂ ಹೊರಗೆ ಬಿದ್ದರೂ ಹೋಗಿ ಎತ್ತಿಕೊಂಡು ಬಂದು ಕೊಡುವ ಕೆಲಸ ಅವನ ಅಕ್ಕನದು. ಆ ಅಕ್ಕನೇ ನಾಗರತ್ನ. ಆಟದ ವಿಷಯಕ್ಕೆ ತಮ್ಮನ ಮೇಲೆ ಒಂದು ಮಾತು ಬಂದರೂ ಅವಳು ಸಹಿಸುವುದಿಲ್ಲ. "ಅವನ ಬಾಲ್ ಎತ್ತಿ ಎತ್ತಿ ನನ್ನ ಸೊಂಟ ಹೋಯ್ತು, ನಂಗೊತ್ತು ಅವನ ಕೈ ಎಂಥದು ಅಂತ" ಎನ್ನುತ್ತಾಳೆ.

ಅಮೆರಿಕದ ಆ ಪಂದ್ಯದ ಪುರಾಣವನ್ನೆಲ್ಲ ನಾನು ಕೇಳಿ ತಿಳಿದದ್ದು ಮಾದೇವನಿಂದಲೇ. ಅದು ಶುರುವಾದ ಕಾಲಕ್ಕೆ ಆಟಗಾರರು ದುಡ್ಡು ತಿಂದು ಆಡಿದ ಹಗರಣದಿಂದ ಅಲ್ಲಿನ ಜನಕ್ಕೆ ಬ್ಯಾಸ್ಕೆಟ್‌ಬಾಲಿನ ಮೇಲೆ ನಂಬಿಕೆ ಹೋಗಿತ್ತಂತೆ. ಆಗ ಯಾರಿಗೋ ಹೊಳೆಯಿತು: ಒಳ್ಳೆಯವರನ್ನೆಲ್ಲ ಒಂದು ಕಡೆ ಸೇರಿಸಿ, ದೇಶವನ್ನು ಪೂರ್ವ, ಪಶ್ಚಿಮ ಎಂದು ಸೀಳಿ ಆಡಿಸಿದರೆ ಜನ ಬಂದಾರು. ಇದು ನಡೆಯುವ ಮಾತಲ್ಲ ಎಂದು ದೊಡ್ಡವರೇ ತಲೆಯಾಡಿಸಿದರಂತೆ. ಆದರೆ ಜನ ಬಂದರು. ಬಂದವರು ಬರುತ್ತಲೇ ಇದ್ದಾರೆ. ಇಷ್ಟು ಹೇಳಿ ಮಾದೇವ ಒಂದು ದಿನ ನಮ್ಮ ಜಗುಲಿಯ ಮೇಲೆ ಕೂತು, "ಭಾವ, ನಾವೂ ಯಾಕೆ ಮಾಡಬಾರದು? ನರಸೀಪುರ ಪೂರ್ವ, ನಂಜನಗೂಡು ಪಶ್ಚಿಮ. ಹಳೇ ಆಟಗಾರರೆಲ್ಲ ಇನ್ನೂ ಬದುಕಿದ್ದಾರಲ್ಲ" ಎಂದ. ಅವನ ದಿಕ್ಕಿನ ಲೆಕ್ಕವೇನೋ ಸರಿಯಾಗಿತ್ತು. ನನಗೂ ಸೀಟಿ ತುಕ್ಕು ಹಿಡಿಯುತ್ತಿತ್ತು. ಹೀಗೆ ಅಮೆರಿಕದ ಪಂದ್ಯದ ಹಿಂದಿನ ದಿನ, ಭಾನುವಾರ ಬೆಳಗ್ಗೆ, ನಮ್ಮೂರಿನ ಹಳೆಯ ಸಿಮೆಂಟು ಕೋರ್ಟಿನಲ್ಲಿ ನಮ್ಮ ಎರಡು ತಾಲ್ಲೂಕಿನ ಆಲ್‌ಸ್ಟಾರ್ ಪಂದ್ಯ ಶುರುವಾಯಿತು. ಆಟಗಾರರೆಲ್ಲ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನವರು. ಗೆದ್ದವರಿಗೆ ಒಂದು ಗೊನೆ ರಸಬಾಳೆ. ರೆಫರಿ ನಾನು.

ಆ ಒಂದು ದಿನ ನನ್ನ ಮನೆಯಲ್ಲೇ ಎರಡು ತಾಲ್ಲೂಕು ಏಳುತ್ತದೆ. ವರ್ಷವೆಲ್ಲ ನಂಜನಗೂಡಿನ ಸೊಸೆಯಾಗಿರುವವಳು ಅಂದು ಬೆಳಗ್ಗೆ ಎದ್ದ ತಕ್ಷಣ ನರಸೀಪುರದ ಮಗಳಾಗುತ್ತಾಳೆ. "ನಮ್ಮೂರ ಕಪಿಲೆಯಲ್ಲಿ ನಾವು ಮಿಂದ ನೀರೇ ನಿಮ್ಮೂರಿಗೆ ಬರೋದು" ಎಂದು ನಾನು ಕೆಣಕಿದರೆ, "ಬರಲಿ ಬಿಡಿ. ನಿಮ್ಮೂರಲ್ಲಿ ಇರೋದು ಒಂದೇ ಹೊಳೆ. ನಮ್ಮೂರಲ್ಲಿ ಕಾವೇರೀನೂ ಸೇರಿ ಎರಡು" ಎಂದು ಸೆರಗು ಕೊಡವುತ್ತಾಳೆ. ಮಾದೇವನದು ಇನ್ನೂ ಒಂದು ಕೈ ಮೇಲು. "ಸೂರ್ಯ ಮೊದಲು ನಮ್ಮೂರಲ್ಲಿ ಹುಟ್ಟಿ, ಮುಖ ತೊಳ್ಕೊಂಡು, ಆಮೇಲೆ ತಾನೆ ಭಾವ ನಿಮ್ಮೂರಿಗೆ ಬರೋದು?"

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಮೆರಿಕದವರಿಗೆ ತಮ್ಮ ಪಂದ್ಯದ ನಿಯಮ ಬದಲಿಸುವ ಚಪಲ. ಅಲ್ಲಿ ಬದಲಾದದ್ದೆಲ್ಲ ಮರುವರ್ಷ ನಮ್ಮಲ್ಲೂ ಬದಲಾಗಬೇಕೆಂದು ಮಾದೇವನ ಹಟ. ಅಲ್ಲಿ ಮೊದಲ ಐವರನ್ನು ಆರಿಸುವುದರಲ್ಲಿ ಜನರ ಮತವೂ ಸೇರುತ್ತದೆ ಎಂದು ಗೊತ್ತಾದಾಗ ಇವನು ವಾಟ್ಸಾಪಿನಲ್ಲಿ ಚುನಾವಣೆ ಇಟ್ಟ. ಪ್ರತಿಯೊಬ್ಬನೂ ತನಗೆ ತಾನೇ ಮತ ಹಾಕಿಕೊಂಡ. ನಮ್ಮ ಪಕ್ಕದ ಹದಿನಾರು ಗ್ರಾಮದ ಬಸವರಾಜು ಮಾತ್ರ ತನ್ನ ಹೆಂಡತಿಯ ಫೋನಿನಿಂದಲೂ ಹಾಕಿಕೊಂಡು ಅತ್ಯಂತ ಜನಪ್ರಿಯ ಆಟಗಾರನಾದ. ಈ ಬಸವರಾಜು ನನ್ನ ಹಳೆಯ ಶಿಷ್ಯ. ಈಗ ಭತ್ತ, ಕಬ್ಬು ಬೆಳೆಯುತ್ತಾನೆ. ಆಳು ಎಷ್ಟು ದೊಡ್ಡವನೆಂದರೆ ಅವನು ಬ್ಯಾಸ್ಕೆಟ್ಟಿನ ಕೆಳಗೆ ಸುಮ್ಮನೆ ನಿಂತರೂ ಎದುರಾಳಿಗೆ ರಿಂಗು ಕಾಣುವುದಿಲ್ಲ.

ಇನ್ನೊಂದು ವರ್ಷ ಅಮೆರಿಕದವರು ಪೂರ್ವ, ಪಶ್ಚಿಮವನ್ನೇ ಬಿಟ್ಟರು. ಇಬ್ಬರು ನಾಯಕರು ನಿಂತು, ನಮ್ಮ ಬೀದಿಯ ಹುಡುಗರು ಗೋಲಿಯಾಟಕ್ಕೆ ಆರಿಸಿಕೊಳ್ಳುವ ಹಾಗೆ, ಇವನು ನನಗೆ, ಅವನು ನಿನಗೆ ಎಂದು ಹಂಚಿಕೊಂಡರು. ನಾವೂ ಹಂಚಿಕೊಂಡೆವು. ಅದರಲ್ಲಿ ಒಂದು ಸಂಕಟವಿದೆ: ಕೊನೆಗೆ ಒಬ್ಬ ಉಳಿಯುತ್ತಾನೆ. ಅಮೆರಿಕದಲ್ಲೂ ಹಾಗೆ ಉಳಿದವನ ಮುಖ ನೋಡಲಾರದೆ ಆರಿಸುವ ಕ್ರಮವನ್ನೇ ಹಿಂದುಮುಂದು ಮಾಡಿದರಂತೆ. ನಮ್ಮಲ್ಲಿ ಕೊನೆಗೆ ಉಳಿದವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಪಂದ್ಯ ಮುಗಿಯುವವರೆಗೆ ಅವರು ಯಾರಿಗೂ ಚೆಂಡು ಕೊಡಲಿಲ್ಲ, ಮುಗಿದ ಮೇಲೆ ಎಲ್ಲರಿಗೂ ಹಂಚಿದ ಬೋಂಡವನ್ನೂ ಮುಟ್ಟಲಿಲ್ಲ. ಮಾದೇವ ಆ ಸಲ ನಂಜನಗೂಡಿನ ನಾಯಕನ ಪಾಲಿಗೆ ಬಂದಿದ್ದ. ಯಾರ ಕಡೆ ಕೂಗಬೇಕೆಂದು ತಿಳಿಯದೆ ನಾಗರತ್ನ ಎರಡು ಕಡೆಯವರನ್ನೂ ಬೈದಳು. ಮರುವರ್ಷ ನಾವು ಅಮೆರಿಕಕ್ಕಿಂತ ಮೊದಲೇ ಪೂರ್ವ, ಪಶ್ಚಿಮಕ್ಕೆ ಹಿಂದಿರುಗಿದೆವು. ಆಮೇಲೆ ಅವರೂ ಹಿಂದಿರುಗಿದರು. ಆಮೇಲೆ ಅದನ್ನೂ ಬಿಟ್ಟು ಮೂರು ತಂಡ, ನಾಲ್ಕು ತಂಡ, ನಮ್ಮ ದೇಶದವರು, ಹೊರದೇಶದವರು ಎಂದೆಲ್ಲ ಒಡೆದು ನೋಡುತ್ತಿದ್ದಾರೆ. ಇಷ್ಟೆಲ್ಲ ಒದ್ದಾಟ ಏಕೆಂದರೆ ಆ ಪಂದ್ಯದಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲವಂತೆ. ಪೆಟ್ಟಾದರೆ ಮುಂದಿನ ಪಂದ್ಯ ಹೋಗುತ್ತದೆಂಬ ಭಯಕ್ಕೆ ಎಲ್ಲರೂ ದಾರಿ ಬಿಟ್ಟು ನಿಲ್ಲುತ್ತಾರೆ, ರಿಂಗಿನೊಳಗೆ ಚೆಂಡು ಬಿದ್ದು ಬಿದ್ದು ಬುಟ್ಟಿಗಳು ಸುರಿಯುತ್ತವೆ, ನೋಡುವವರು ಆಕಳಿಸುತ್ತಾರೆ. ನಮ್ಮಲ್ಲೂ ಯಾರೂ ಯಾರನ್ನೂ ತಡೆಯುವುದಿಲ್ಲ. ಆದರೆ ಅದು ಮಂಡಿಯ ಕಾರಣಕ್ಕೆ. ಬುಟ್ಟಿಗಳೂ ಸುರಿಯುವುದಿಲ್ಲ.

ಅವರ ಎಲ್ಲ ನಿಯಮಗಳಲ್ಲಿ ನನ್ನ ಎದೆ ನಡುಗಿಸಿದ್ದು ಒಂದೇ. ಕೊನೆಯ ಭಾಗದಲ್ಲಿ ಗಡಿಯಾರವನ್ನೇ ತೆಗೆದುಬಿಟ್ಟು, ಒಂದು ಗುರಿ ಇಟ್ಟು, ಯಾರು ಮೊದಲು ಆ ಅಂಕ ಮುಟ್ಟುತ್ತಾರೋ ಅವರು ಗೆದ್ದ ಹಾಗೆ ಎಂದು ಕೆಲವು ವರ್ಷ ಆಡಿಸಿದರು. ಗಡಿಯಾರವಿಲ್ಲದ ಆಟ! ಹಾಸ್ಟೆಲಿನಲ್ಲಿ ಬೆಳೆದವನಿಗೆ ಇದು ಬಾಗಿಲಿಲ್ಲದ ಮನೆಯ ಹಾಗೆ. ನಾನು ಒಪ್ಪಲಿಲ್ಲ. ಆದರೆ ಮಾದೇವನಿಗೆ ನನ್ನ ದುರ್ಬಲ ಜಾಗ ಗೊತ್ತು. "ಯೋಚನೆ ಮಾಡಿ ಭಾವ. ಗಡಿಯಾರ ಇದ್ದರೆ ನಮ್ಮವರು ಶೂ ಲೇಸು ಕಟ್ತಾ, ನೀರು ಕುಡೀತಾ, ನಿಮ್ಮ ಜೊತೆ ವಾದ ಮಾಡ್ತಾ ಹೊತ್ತು ಕಳೀತಾರೆ. ಇಪ್ಪತ್ತೊಂದು ಅಂಕ ಅಂತ ಇಟ್ಟುಬಿಟ್ಟರೆ ಬೇಗ ಮುಗಿಯುತ್ತೆ. ಎಂಟಕ್ಕೆ ನಿಮ್ಮ ತಿಂಡಿ." ನಾನು ಒಪ್ಪಿದೆ. ಅಮೆರಿಕ ಬಿಟ್ಟರೂ ನಾವು ಅದನ್ನು ಬಿಡಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಮಾದೇವನಿಗೆ ಅಂಗಡಿಯಲ್ಲೇ ಎದೆನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದೆವು. ಬೇಗ ಚೇತರಿಸಿಕೊಂಡ. ಡಾಕ್ಟರು, ದಿನಾ ನಡೀರಿ, ಓಡಬೇಡಿ, ಎಂದು ಕಳಿಸಿದರು. ಮನೆಗೆ ಬಂದವನು ಮೊದಲ ಬಾರಿಗೆ ಬ್ಯಾಸ್ಕೆಟ್‌ಬಾಲಿನ ಮಾತೆತ್ತದೆ ಕೂತ. ಈ ಸಲದ ಪಂದ್ಯ ಹತ್ತಿರ ಬಂದಾಗ ಫೋನ್ ಮಾಡಿ, "ಭಾವ, ಇದೇ ಕೊನೇದು. ಓಡಲ್ಲ, ರಿಂಗಿನ ಹತ್ತಿರ ನಿಂತಿರ್ತೀನಿ. ಆಮೇಲೆ ಶೂ ಎತ್ತಿಟ್ಟುಬಿಡ್ತೀನಿ" ಎಂದ. ಅವನ ದನಿ ಅಷ್ಟು ಅಚ್ಚುಕಟ್ಟಾಗಿದ್ದದ್ದು ನನಗೆ ಹಿಡಿಸಲಿಲ್ಲ. ಶೂ ಎತ್ತಿಟ್ಟ ಮೇಲೆ ಇವನು ಇನ್ನೇನೇನು ಎತ್ತಿಟ್ಟುಬಿಡುತ್ತಾನೋ ಎಂದು ನಾಗರತ್ನನಿಗೆ ಒಳಗೇ ಕೊರೆಯುತ್ತಿತ್ತು. ಡಾಕ್ಟರನ್ನೂ ಕೇಳಿ, ಬರೀ ನಡೆದಾಡಬೇಕು, ಸುಸ್ತೆನಿಸಿದರೆ ಕೂತುಬಿಡಬೇಕು ಎಂಬ ಕರಾರಿನ ಮೇಲೆ ಒಪ್ಪಿದೆವು.

ಭಾನುವಾರ ಬೆಳಗ್ಗೆ ಕಾಫಿ ಕೊಡುತ್ತಾ ನಾಗರತ್ನ ಹೇಳಿದಳು. "ರೀ, ಇವತ್ತು ಅವನ ಕೈಯಿಂದ ಒಂದು ಬುಟ್ಟಿ ಬೀಳಬೇಕು ಕಣ್ರೀ."

"ಎಸೆದರೆ ಬೀಳುತ್ತೆ."

"ಬೀಳದೆ ಇದ್ರೆ?"

"ಅದಕ್ಕೆ ನಾನೇನು ಮಾಡಲಿ? ನಾನು ರೆಫರಿ. ನಂಜನಗೂಡಿನವನೂ ಅಲ್ಲ, ನರಸೀಪುರದ ಅಳಿಯನೂ ಅಲ್ಲ."

"ಹೌದೌದು. ಉಗಾದಿಗೆ ಅಲ್ಲಿ ಹೋಗಿ ಹೋಳಿಗೆ ತಿನ್ನೋವಾಗ ಮಾತ್ರ ಅಳಿಯ" ಎಂದು ಲೋಟ ತೆಗೆದುಕೊಂಡು ಹೋದಳು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಪಂದ್ಯ ಶುರುವಾಯಿತು. ಪೂರ್ವದವರು ನೀಲಿ ಬನಿಯನ್ನು, ಪಶ್ಚಿಮದವರು ಬಿಳಿ. ಕೋರ್ಟಿನ ಪಕ್ಕದ ಬೇವಿನ ಮರದ ಕೆಳಗೆ ನಾಗರತ್ನ ಕುರ್ಚಿ ಹಾಕಿಸಿಕೊಂಡು ಕೂತಳು. ರಸಬಾಳೆ ಗೊನೆ ಅವಳ ಕಾಲ ಬಳಿ ಇತ್ತು, ಅದರ ಕಾವಲೂ ಅವಳದೇ. ಮಾದೇವ ಹೇಳಿದ ಮಾತಿಗೆ ತಪ್ಪದೆ ನಡೆದೇ ಆಡಿದ. ಚೆಂಡು ಬಂದಾಗಲೆಲ್ಲ ಎಸೆದ. ಒಂದೂ ಬೀಳಲಿಲ್ಲ. ರಿಂಗಿನ ಅಂಚಿಗೆ ತಾಗಿ ಆಚೆ ಹೋಗುವುದು, ಹಲಗೆಗೆ ಬಡಿದು ವಾಪಸು ಬರುವುದು. ಒಮ್ಮೆ ಗಾಳಿಯಲ್ಲೇ ದಾರಿ ತಪ್ಪಿ ನಾಗರತ್ನನ ಕುರ್ಚಿಯವರೆಗೂ ಹೋಯಿತು. "ಪರವಾಗಿಲ್ಲ ಮಾದೇವ, ಕೈ ಸಡಿಲ ಬಿಡು!" ಎಂದು ಅವಳು ಕೂಗಿದಳು. ಉಳಿದವರು ಬೇರೆ ಬೇರೆ ಕಡೆಯಿಂದ ಒಂದೊಂದು ಬುಟ್ಟಿ ಹಾಕಿ, ಏದುಸಿರು ಬಿಟ್ಟು, ಅಂತೂ ಎರಡು ತಂಡವೂ ಇಪ್ಪತ್ತಕ್ಕೆ ಬಂದು ನಿಂತವು. ಗುರಿಗೆ ಇನ್ನೊಂದೇ ಅಂಕ. ಬಿಸಿಲು ಬೇವಿನ ಮರದಿಂದ ಇಳಿದಿರಲಿಲ್ಲ. ಎಂಟಕ್ಕೆ ಧಾರಾಳ ಹೊತ್ತಿದೆ ಎಂದುಕೊಂಡೆ.

ಅಲ್ಲಿಂದಾಚೆಗೆ ನಡೆದದ್ದನ್ನು ಯಾವ ನಿಯಮದ ಪುಸ್ತಕವೂ ಊಹಿಸಿರಲಾರದು. ಯಾರೂ ಬುಟ್ಟಿ ಹಾಕಲೊಲ್ಲರು. ನರಸೀಪುರದವರು ಚೆಂಡು ಸಿಕ್ಕ ತಕ್ಷಣ ಅದನ್ನು ಮಾದೇವನಿಗೆ ದಾಟಿಸುವರು. ಮಾದೇವ ಎಸೆಯುವನು, ತಪ್ಪುವುದು. ಚೆಂಡು ನಮ್ಮೂರಿನವರ ಕೈಗೆ ಬರುವುದು. ಅವರು ಆ ಕೊನೆಗೆ ಹೋಗಿ, ರಿಂಗಿನ ಕೆಳಗೇ ನಿಂತು, ಮಗುವೂ ಹಾಕಬಹುದಾದ ಬುಟ್ಟಿಯನ್ನು ತಪ್ಪಿಸಿ, "ಅಯ್ಯೋ, ಜಾರಿತು" ಎನ್ನುವರು. ಹಿಂದೊಮ್ಮೆ ಕೊನೆಗೆ ಉಳಿದು ಮುನಿಸಿಕೊಂಡಿದ್ದ ಬ್ಯಾಂಕ್ ಮ್ಯಾನೇಜರು ಕೂಡ, ಚೆಂಡನ್ನು ಪೂಜೆಯ ತಟ್ಟೆಯ ಹಾಗೆ ಹಿಡಿದು ತಂದು ನರಸೀಪುರದವರ ಕೈಗೇ ಕೊಟ್ಟರು. ಬಸವರಾಜುವಂತೂ ಮಾದೇವ ಬಂದಾಗಲೆಲ್ಲ ಅಷ್ಟು ದೂರ ಸರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಆಕಾಶ ನೋಡುತ್ತಿದ್ದ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಇದು ಮಾದೇವನ ಕೊನೆಯ ಪಂದ್ಯವೆಂದು ಎಲ್ಲರಿಗೂ ಗೊತ್ತಿತ್ತು. ಅವರಲ್ಲಿ ಯಾರಿಗೂ ಗೊತ್ತಿಲ್ಲದಿದ್ದದ್ದು, ಇಷ್ಟು ಜನ ದಾರಿ ಬಿಟ್ಟು ನಿಂತರೆ ಎಂಥವನ ಗುರಿಯೂ ತಪ್ಪುತ್ತದೆ ಎಂಬುದು. ಮಾದೇವ ಒಂದೊಂದು ಎಸೆತಕ್ಕೂ ಕುಗ್ಗುತ್ತಿದ್ದ. ಎಂಟು ಯಾವಾಗಲೋ ಕಳೆದಿತ್ತು. ಬಾಗಿಲಿಲ್ಲದ ಮನೆಯೊಳಗೆ ನಾನು ಸೀಟಿ ಕಚ್ಚಿಕೊಂಡು ಆ ಕೊನೆಗೂ ಈ ಕೊನೆಗೂ ಓಡಾಡುತ್ತಿದ್ದೆ.

ಆಗ ಮಾದೇವನಿಗೆ ಏನನ್ನಿಸಿತೋ. ಚೆಂಡು ಕೈಗೆ ಬಂದದ್ದೇ ಅದನ್ನು ಪುಟಿಸುವುದನ್ನೇ ಮರೆತು, ಸಂತೆಯಿಂದ ಕುಂಬಳಕಾಯಿ ತರುವವನ ಹಾಗೆ ಎದೆಗೆ ಅವುಚಿಕೊಂಡು, ರಿಂಗಿನ ಕಡೆಗೆ ಸುಮ್ಮನೆ ನಡೆದುಬಿಟ್ಟ. ಚೆಂಡನ್ನು ನೆಲಕ್ಕೆ ಬಡಿಯದೆ ನಡೆಯುವುದು ಈ ಆಟದ ಮೊದಲ ಪಾಠದಲ್ಲೇ ಬರುವ ತಪ್ಪು. ಅದನ್ನು ಟ್ರಾವೆಲಿಂಗ್ ಎನ್ನುತ್ತಾರೆ. ನನ್ನ ಮನಸ್ಸು ಬೇಡ ಎಂದಿತು. ಆದರೆ ಸೀಟಿ ಇದ್ದದ್ದು ಮನಸ್ಸಿನಲ್ಲಲ್ಲ, ಬಾಯಲ್ಲಿ. ಊದಿಬಿಟ್ಟೆ. ಆ ಸದ್ದಿಗೆ ಬೆಚ್ಚಿದ ಮಾದೇವ ನೋಡದೆಯೇ ಚೆಂಡು ಎಸೆದ. ಅದು ರಿಂಗನ್ನು ಮುಟ್ಟದೆ, ಬಲೆಯನ್ನು ಮಾತ್ರ ಸರ್‍ರೆಂದು ಸೀಳಿಕೊಂಡು ಇಳಿಯಿತು. ಎಂಥ ಬುಟ್ಟಿ! ಸೀಟಿಯಾದ ಮೇಲೆ ಬಿದ್ದದ್ದರಿಂದ ಲೆಕ್ಕಕ್ಕಿಲ್ಲದ ಬುಟ್ಟಿ.

ಮಾದೇವ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನೋಡ್ರಪ್ಪಾ! ಡಾಕ್ಟರು ನಡಿ ಅಂತಾರೆ, ಭಾವ ನಡೀಬೇಡ ಅಂತಾರೆ!" ಎಂದ. ಯಾರೂ ನಗಲಿಲ್ಲ. ನಾಗರತ್ನ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳ ಮುಖ ನೋಡಿದೆ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ.

ನನ್ನ ಕೈ ತಾನಾಗಿಯೇ ಮೇಲೆದ್ದು, ಅಷ್ಟು ದೂರದಲ್ಲಿ ಆಕಾಶ ನೋಡುತ್ತಿದ್ದ ಬಸವರಾಜುವನ್ನು ತೋರಿಸಿತು. "ಫೌಲ್! ಬಸವರಾಜು ತಳ್ಳಿದ್ದಾನೆ. ಸೀಟಿ ಊದಿದ್ದು ಅದಕ್ಕೆ. ಮಾದೇವನಿಗೆ ಎರಡು ಫ್ರೀ ಥ್ರೋ!"

"ನಾನಾ ಸಾ?" ಬಸವರಾಜು ಕಣ್ಣರಳಿಸಿದ. "ನಾನು ಅವರತ್ರ ಓಗೇ ಇಲ್ವಲ್ಲ ಸಾ! ಇಲ್ಲಿಂದ ಅಲ್ಲಿಗೆ ತಳ್ಳಕ್ಕೆ ನನ್ ಕೈಯೇನು ಕಬ್ಬಿನ ಜಲ್ಲೆನಾ?" ಎಂದವನು, ನನ್ನ ಮುಖ ನೋಡಿ, ಆಮೇಲೆ ನಾಗರತ್ನನ ಮುಖ ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಕೂಗಿದ: "ಊಂ ಸಾ, ತಳ್ದೆ! ಜೋರಾಗೇ ತಳ್ದೆ! ತೆಪ್ಪಾಯ್ತು!"

ಮಾದೇವ ಗೆರೆಯ ಮೇಲೆ ನಿಂತ. ಫ್ರೀ ಥ್ರೋ ಎಂದರೆ ಯಾರ ಅಡ್ಡಿಯೂ ಇಲ್ಲದೆ ನಿಂತಲ್ಲಿಂದ ಎಸೆಯುವುದು, ಬಿದ್ದರೆ ಒಂದು ಅಂಕ. ಮೊದಲನೆಯದು ರಿಂಗಿನ ಮೇಲೆ ಕೂತು, ಯೋಚಿಸಿ, ಹೊರಗೆ ಬಿದ್ದು ಉರುಳುತ್ತಾ ಬೇವಿನ ಮರದ ಕಡೆಗೆ ಹೋಯಿತು. ನಾಗರತ್ನ ಸೆರಗು ಸಿಕ್ಕಿಸಿಕೊಂಡು ಚೆಂಡನ್ನು ಎತ್ತಿಕೊಂಡಳು. ಎಸೆಯಲಿಲ್ಲ. ಗೆರೆ ದಾಟಿ, ಕೋರ್ಟಿನೊಳಗೆ ನಡೆದು ಬಂದು, ಚೆಂಡನ್ನು ತಮ್ಮನ ಕೈಗೆ ಕೊಟ್ಟು, ಪಕ್ಕದಲ್ಲೇ ನಿಂತಳು. ಆಟಗಾರರಲ್ಲದವರು ಕೋರ್ಟಿಗೆ ಇಳಿಯುವುದೂ ತಪ್ಪೇ. ಈ ಬಾರಿ ನಾನು ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ.

"ಹಿತ್ತಲಲ್ಲಿ ಹಾಕ್ತಿದ್ದೆಯಲ್ಲ, ಹಂಗೆ ಹಾಕೋ" ಎಂದಳು.

ಮಾದೇವ ಚೆಂಡನ್ನು ಎರಡೂ ಕೈಯಲ್ಲಿ ಮಂಡಿಯವರೆಗೆ ಇಳಿಸಿ, ಹುಡುಗರು ಎಸೆಯುವ ಹಾಗೆ ಕೆಳಗಿನಿಂದ ಮೇಲಕ್ಕೆ ತೂರಿದ. ಬಿತ್ತು. ಎರಡು ತಾಲ್ಲೂಕೂ ಸೇರಿ ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಸೋತ ನಮ್ಮೂರಿನವರೇ ಮಾದೇವನ ಹೆಗಲಿಗೆ ಗೊನೆ ಹೊರಿಸಿದರು. ಅವನು ಭಾರ ಎತ್ತಬಾರದೆಂದು ಬಸವರಾಜು ತಕ್ಷಣ ಅದನ್ನು ಕಿತ್ತುಕೊಂಡು ತಾನೇ ಹೊತ್ತ.

ಮನೆ ಮುಟ್ಟುವಾಗ ಇಡ್ಲಿ ಕಲ್ಲಾಗಿತ್ತು. ಅದನ್ನು ಬಿಸಿ ಮಾಡುತ್ತಾ ನಾಗರತ್ನ ಏನನ್ನೋ ಗುನುಗುತ್ತಿದ್ದಳು. ಎಲ್ಲ ಸುಖವಾಗಿ ಮುಗಿಯಿತು, ಬಾಮೈದ ಸಮಾಧಾನದಿಂದ ಶೂ ಎತ್ತಿಡುತ್ತಾನೆ ಎಂದು ನಾನೂ ನೆಮ್ಮದಿಯಿಂದ ಮಲಗಿದೆ. ಮರುದಿನ ಸೋಮವಾರ, ಬೆಳಕಾಗುವ ಮೊದಲೇ, ಫೋನು ಬಡಿದುಕೊಂಡಿತು. ಟಿವಿ ಹಾಕಿ ಎನ್ನುತ್ತಾನೆಂದು ಎತ್ತಿದರೆ ಅವನು ಪಂದ್ಯದ ಮಾತೇ ಆಡಲಿಲ್ಲ.

"ಭಾವ, ರಾತ್ರಿಯೆಲ್ಲಾ ಯೋಚನೆ ಮಾಡಿದೆ. ನೀವು ಕೊಟ್ಟ ಫ್ರೀ ಥ್ರೋ ದಾನ. ಬಸವರಾಜು ನನ್ನ ನೆರಳನ್ನೂ ಮುಟ್ಟಿರಲಿಲ್ಲ. ನಿಂತು ಹಾಕಿದ್ದು ನಂದಲ್ಲ. ನಡೆದು ಹಾಕಿದೆನಲ್ಲ, ಅದು ನಂದು. ಅದನ್ನ ನೀವು ಸೀಟಿ ಊದಿ ಹೊಡ್ಕೊಂಡ್ರಿ."

"ಅದು ಟ್ರಾವೆಲಿಂಗ್ ಕಣೋ."

"ಅಲ್ಲ ಭಾವ."

"ಹೌದು ಕಣೋ."

"ಮುಂದಿನ ವರ್ಷ ಬತ್ತೀನಿ, ಚೆಂಡು ಪುಟಿಸ್ಕೊಂಡೇ ನಡೆದು, ಹಾಕಿ ತೋರಿಸ್ತೀನಿ. ನೀವು ಕನ್ನಡಕ ಬದಲಾಯಿಸ್ಕೊಂಡು ಬನ್ನಿ" ಎಂದು ಫೋನ್ ಇಟ್ಟ. ಆ ದನಿಯಲ್ಲಿ ಅಚ್ಚುಕಟ್ಟು ಚೂರೂ ಉಳಿದಿರಲಿಲ್ಲ. ಹಳೆಯ ಮಾದೇವ, ಪೂರ್ತಿ ಜಗಳಗಂಟ. ನ್ಯಾಯವಾಗಿ ಒಂದು ಬುಟ್ಟಿ ಬಿದ್ದಿದ್ದರೆ ತೃಪ್ತಿಯಾಗಿ ಮೂಲೆ ಸೇರುತ್ತಿದ್ದವನು, ಅನ್ಯಾಯವಾಯಿತೆಂಬ ಒಂದೇ ಕಾರಣಕ್ಕೆ ಮತ್ತೆ ಶೂ ಇಳಿಸಿಕೊಂಡಿದ್ದ.

ವಿಷಯ ಕೇಳಿ ನಾಗರತ್ನ ಟಿವಿ ಹಾಕಿ, ಕಾಫಿ ತಂದು, ನನ್ನ ಪಕ್ಕದಲ್ಲೇ ಕೂತಳು. ಅಮೆರಿಕದಲ್ಲಿ ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಮುಂದಿನ ವರ್ಷಾನೂ ತಪ್ಪೇ ಊದಿಬಿಡಿ ಕಣ್ರೀ. ಅದರ ಮುಂದಿನ ವರ್ಷಾನೂ."

ಸರಿಯಾಗಿ ಊದುವುದನ್ನು ಕಲಿಯಲು ನನಗೆ ಅರ್ಧ ಆಯುಸ್ಸು ಹಿಡಿದಿತ್ತು. ತಪ್ಪಾಗಿ ಊದುವುದಕ್ಕೂ ಅಭ್ಯಾಸ ಬೇಕು, ಏಕೆಂದರೆ ನೋಡುವವರಿಗೆ ಅದು ನಿಜವಾದ ಕಣ್ತಪ್ಪಿನ ಹಾಗೇ ಕಾಣಬೇಕು. ಅದಕ್ಕೂ ಒಂದು ಹೊತ್ತು ಗೊತ್ತುಮಾಡಿಕೊಂಡಿದ್ದೇನೆ: ವಾಕಿಂಗ್ ಆದ ಮೇಲೆ, ತಿಂಡಿಗೆ ಮುಂಚೆ, ಹಿತ್ತಲಿನಲ್ಲಿ. ಪಕ್ಕದ ಮನೆಯವರು ಏನೆಂದುಕೊಂಡಿದ್ದಾರೋ ತಿಳಿಯದು. ಇಡ್ಲಿ ಮಾತ್ರ ಈಗ ದಿನಾ ಎಂಟಕ್ಕೆ ಸರಿಯಾಗಿ ಬರುತ್ತಿದೆ, ಒಂದು ಹೆಚ್ಚೇ ಇರುತ್ತದೆ.